ಆಮೆ ಮಾಡಲು ಮೂರು ತಿಂಗಳು, ಅದಕ್ಕೆ ಜಾಗ ಸಿಗಲು ಏಳು ತಿಂಗಳು

ಕಳೆದ ತಿಂಗಳು 8ನೇ ತಾರೀಕು ನಮ್ಮೂರಿನ ಬೀಚ್ ರಸ್ತೆಯ ತಿರುವಿನಲ್ಲಿ ಒಂದು ಕಡಲಾಮೆ ಬಂದು ಕೂತಿತು. ಒಂಬತ್ತು ಅಡಿ ಉದ್ದ, ಮೈಯೆಲ್ಲ ಹರಿದ ಬಲೆ. ಮಾಡಿದವ ನಾನು. ಅದರ ಫೋಟೋ ಓಡಾಡಿದ ಮೇಲೆ ಕುಂದಾಪುರದಿಂದ, ಕಾಪುವಿನಿಂದ ನಾಲ್ಕೈದು ಜನ ಫೋನ್ ಮಾಡಿ "ನಮಗೂ ಹೀಗೆ ಒಂದು ಮಾಡ್ಬೇಕು ಅಂತ ಉಂಟು, ಎಂತೆಲ್ಲ ಬೇಕು?" ಎಂದು ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಗಂಟೆ ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೆ ಒಂದೇ ಸಲ ಬರೆದು ಬಿಡುತ್ತಿದ್ದೇನೆ. ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲೇ ಹೇಳುತ್ತೇನೆ, ನಾನು ದೊಡ್ಡ ಶಿಲ್ಪಿ ಅಲ್ಲ. ಟ್ಯಾಬ್ಲೋ ಮಾಡುವವ. ಮಂಗಳೂರು ದಸರಾ, ಮೊಸರು ಕುಡಿಕೆ, ಚೌತಿ ಮೆರವಣಿಗೆ, ಇವೇ ನನ್ನ ಅನ್ನ. ಥರ್ಮೋಕೋಲ್, ಬಟ್ಟೆ, ಪೇಂಟ್. ಮೂರು ದಿನ ನಿಂತರೆ ಸಾಕು, ನಾಲ್ಕನೇ ದಿನ ಬಿದ್ದರೆ ಯಾರೂ ಕೇಳುವುದಿಲ್ಲ. ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಲ್ಲುವ ಕೆಲಸ ಇದೇ ಮೊದಲು.

ಶುರುವಾದದ್ದು ಹೋದ ವರ್ಷದ ಜುಲೈಯಲ್ಲಿ. ಜೋರು ಮಳೆ, ಕಡಲೆಲ್ಲ ಕೆಂಪು. ಬೆಳಗ್ಗೆ ನಮ್ಮ ಯುವಕ ಮಂಡಲದ ಗ್ರೂಪಿಗೆ ಸತ್ತ ಆಮೆಯ ಫೋಟೋ ಬಂತು. ಹೋಗಿ ನೋಡಿದೆ. ಎಡ ಮುಂಗಾಲಿಗೆ ಹಸಿರು ನೈಲಾನ್ ಬಲೆಯ ತುಂಡು ಸುತ್ತಿಕೊಂಡಿತ್ತು. ಸುತ್ತಿದ ಕಡೆ ಮಾಂಸ ಕೊಯ್ದು ಬೆಳ್ಳಗೆ ಮೂಳೆ ಕಾಣುತ್ತಿತ್ತು. ಕಣ್ಣಿನ ತುಂಬ ಮರಳು. ಇಬ್ಬರು ಹುಡುಗರು ಅದರ ಬೆನ್ನ ಮೇಲೆ ಕಾಲಿಟ್ಟು ಸೆಲ್ಫಿ ತೆಗೆಯುತ್ತಿದ್ದರು, ಬೈದು ಓಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಅಜ್ಜಿ ಕೊಡೆ ಹಿಡಿದುಕೊಂಡು ಬಂದು, ತಲೆಯ ಹತ್ತಿರ ಒಂದು ದಾಸವಾಳ ಇಟ್ಟು, ಮಾತಾಡದೆ ಹೋದರು.

ನಿಮ್ಮ ಕಡೆ ಹೀಗೆ ಆಮೆ ಸಿಕ್ಕಿದರೆ, ಸತ್ತಿರಲಿ ಬದುಕಿರಲಿ, ಮುಟ್ಟಲು ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಚಿಪ್ಪು ಮನೆಗೆ ತಂದರೂ ಕೇಸು. ನಮ್ಮಲ್ಲಿ ಮಧ್ಯಾಹ್ನ ಅರಣ್ಯದವರು ಪಶುವೈದ್ಯರ ಜೊತೆ ಬಂದು, ಅಳತೆ ತೆಗೆದು, ಪರೀಕ್ಷೆ ಮಾಡಿ, ಗುಂಡಿ ತೋಡಿ ಹೂಳಿದರು. ಚಿಪ್ಪು 66 ಸೆಂಟಿಮೀಟರ್. ಯಾಕೋ ಆ ನಂಬರ್ ತಲೆಯಲ್ಲಿ ಕೂತಿತು.

ಆಗಸ್ಟಿನಲ್ಲಿ ಮಂಡಲದ ಮೀಟಿಂಗ್. ಇಪ್ಪತ್ತೈದನೇ ವರ್ಷ, ಊರಿಗೆ ಏನಾದರೂ ಕೊಡಬೇಕು. ಒಬ್ಬರು ಬಸ್ ತಂಗುದಾಣ ಎಂದರು. ಇನ್ನೊಬ್ಬರು ಬೀಚಿಗೆ ಹೈಮಾಸ್ಟ್ ಲೈಟ್ ಎಂದರು. ನಾನು ಆಮೆ ಎಂದೆ. ಎಲ್ಲರೂ ನಕ್ಕರು. ಆಮೇಲೆ ಯಾರೋ "ಆಮೆ ಯಾಕೆ, ಗರಗಸ ಮೀನು ಮಾಡಿ" ಎಂದರು. ಅದೂ ಸರಿಯೇ. 2021ರಲ್ಲಿ ಮಲ್ಪೆಯಲ್ಲಿ ಬಲೆಗೆ ಬಿದ್ದು ಬಂದ ಗರಗಸ ಮೀನನ್ನು ಕ್ರೇನಿನಲ್ಲಿ ಎತ್ತಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತಲ್ವಾ. ಉದ್ದ ಮೂತಿ, ಎರಡೂ ಕಡೆ ಹಲ್ಲು. ಆ ಮೂತಿಯೇ ಅದಕ್ಕೆ ಶತ್ರು, ಯಾವ ಬಲೆಗಾದರೂ ಸಿಕ್ಕಿಕೊಳ್ಳುತ್ತದೆ. ಆದರೆ ಅದು ನಮ್ಮ ಮಕ್ಕಳು ಕಣ್ಣಾರೆ ಕಾಣುವ ಪ್ರಾಣಿ ಅಲ್ಲ. ಆಮೆ ಹಾಗಲ್ಲ. 2024ರ ಶುರುವಿನಲ್ಲಿ ಮಂಗಳೂರಿನ ಹತ್ತಿರದ ಸಸಿಹಿತ್ಲು, ತಣ್ಣೀರುಬಾವಿ ಕಡೆ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆ ಇಟ್ಟದ್ದು, ಅರಣ್ಯದವರು ಬೇಲಿ ಹಾಕಿ ಕಾದದ್ದು ಎಲ್ಲರಿಗೂ ನೆನಪಿತ್ತು. ಹಾಗೆ ಆಮೆಯೇ ಗೆದ್ದಿತು. ಬಜೆಟ್ 80 ಸಾವಿರ ಎಂದು ಬರೆದುಕೊಂಡರು. ಆ ಪುಸ್ತಕ ಈಗಲೂ ಉಂಟು, ನೋಡಿದರೆ ನಗು ಬರುತ್ತದೆ.

ಮರಳಿನಲ್ಲೇ ಮಾಡಿ, ಒಂದು ದಿನದ ಕೆಲಸ ಎಂದವರೂ ಇದ್ದರು. ಪುರಿಯಲ್ಲಿ ಸುದರ್ಶನ ಪಟ್ನಾಯಕ್ ಅವರ ಮರಳು ಆಮೆಗಳನ್ನು ನಾನೂ ಫೋಟೋದಲ್ಲಿ ನೋಡಿದ್ದೇನೆ, ಎಷ್ಟು ಚೆಂದ. ಈಗ ಹತ್ತು ತಿಂಗಳು ತಿರುಗಾಡಿದ ಮೇಲೆ ಹೇಳುತ್ತೇನೆ, ನಿಮ್ಮ ಹತ್ತಿರ ದುಡ್ಡು, ತಾಳ್ಮೆ ಎರಡೂ ಕಮ್ಮಿ ಇದ್ದರೆ ಮರಳು ಶಿಲ್ಪವೇ ಮಾಡಿ. ಉಬ್ಬರ ಬಂದು ತೊಳೆದುಕೊಂಡು ಹೋಗುತ್ತದೆ, ಯಾರ ಕಚೇರಿಗೂ ದಿನಾ ಅಲೆಯಬೇಕಾಗಿಲ್ಲ.

ನಾನು ಮಾಡಿದ ಮೊದಲ ತಪ್ಪು: ಜಾಗ ಗಟ್ಟಿ ಆಗುವ ಮೊದಲೇ ಚಿತ್ರ ಬರೆದದ್ದು. ಎರಡನೇ ತಪ್ಪು: ಚಿತ್ರವನ್ನೇ ತಪ್ಪು ಬರೆದದ್ದು. ಹನ್ನೆರಡು ಅಡಿಯ ಆಮೆ, ಬೆನ್ನ ಮೇಲೆ ನಡುವೆ ಒಂದು ಸಾಲು ಬಿಲ್ಲೆ (ಚಿಪ್ಪಿನ ಮೇಲೆ ಜೋಡಿಸಿದ ಹಾಗೆ ಕಾಣುವ ತುಂಡುಗಳು), ಎರಡೂ ಬದಿಗೆ ಐದೈದು. ನೆಟ್‌ನಲ್ಲಿ ಸಿಕ್ಕಿದ ಒಂದು ಫೋಟೋ ನೋಡಿ ಬರೆದಿದ್ದೆ. ನಮ್ಮ ಮಂಡಲದ ಒಬ್ಬರ ತಂಗಿ ಎಕ್ಕೂರಿನ ಫಿಶರೀಸ್ ಕಾಲೇಜಿನಲ್ಲಿ ಓದಿದವಳು. ಚಿತ್ರ ನೋಡಿ, "ಅಣ್ಣ, ಬದಿಯಲ್ಲಿ ಐದೈದು ಇರುವುದು ಲಾಗರ್‌ಹೆಡ್ ಆಮೆಗೆ. ಹಸಿರಾಮೆಗೆ ನಾಲ್ಕು. ರಿಡ್ಲೆಗೆ ಆರು, ಏಳು, ಎಂಟು, ಕೆಲವು ಸಲ ಒಂದು ಬದಿ ಏಳಾದ್ರೆ ಇನ್ನೊಂದು ಬದಿ ಎಂಟು" ಎಂದಳು. ನನಗೆ ಮುಖ ಸಣ್ಣದಾಯಿತು. ಟ್ಯಾಬ್ಲೋದಲ್ಲಿ ಹತ್ತು ತಲೆ ರಾವಣನಿಗೆ ಒಂಬತ್ತು ತಲೆ ಇಟ್ಟರೆ ಜನ ಬಿಡುತ್ತಾರಾ? ಹಾಗೆಯೇ ಇದು. ಬಲಕ್ಕೆ ಏಳು, ಎಡಕ್ಕೆ ಎಂಟು ಬಿಲ್ಲೆ ಮಾಡಿದೆ. ಈಗ ಶಾಲೆಯ ಮಕ್ಕಳು ಬಂದು ಎಣಿಸಿ, "ಮಾಮ, ಲೆಕ್ಕ ತಪ್ಪಿದೆ" ಎನ್ನುತ್ತಾರೆ. ಆಗ ಹೇಳಲು ಒಂದು ಕಥೆ ಸಿಗುತ್ತದೆ.

ಸೆಪ್ಟೆಂಬರಿನಲ್ಲಿ ಅರ್ಜಿ. ಇಲ್ಲಿಂದ ನಿಜವಾದ ಕಥೆ. ಯಾವ ಕಚೇರಿ ಎಂದು ಹೆಸರು ಹೇಳುವುದಿಲ್ಲ, ನಾಳೆಯೂ ಅಲ್ಲಿಗೇ ಹೋಗಬೇಕು. ಮೊದಲ ದಿನ ಒಂದು ಪತ್ರ ಬರೆದುಕೊಂಡು ಹೋದೆವು, "ಬೀಚಿನಲ್ಲಿ ಆಮೆ ಶಿಲ್ಪ ಇಡಲು ಅನುಮತಿ ಕೊಡಿ" ಎಂದು. ಅಲ್ಲಿದ್ದವರು ಓದಿ, ಕನ್ನಡಕ ತೆಗೆದು, "ಜಾಗ ಯಾರದ್ದು?" ಎಂದು ಕೇಳಿದರು. ಕಡಲಿನದ್ದು ಎಂದೆ. ಅವರು ನಗಲಿಲ್ಲ.

ಬೇಕಾದದ್ದು ಒಂದೊಂದಾಗಿ ಗೊತ್ತಾಯಿತು, ಒಂದೇ ಸಲ ಯಾರೂ ಹೇಳಲಿಲ್ಲ. ಮಂಡಲದ ನೋಂದಣಿ ಪತ್ರ, ಅದೂ ಆ ವರ್ಷದ ನವೀಕರಣ ಆಗಿರಬೇಕು. ನಮ್ಮದು ಎರಡು ವರ್ಷದಿಂದ ಆಗಿರಲಿಲ್ಲ, ಅದಕ್ಕೇ ಮೂರು ವಾರ ಹೋಯಿತು. ಮಹಾಸಭೆಯ ನಿರ್ಣಯದ ಪ್ರತಿ. ಸರ್ವೆ ನಂಬರ್, ಪಹಣಿ, ಜಾಗದ ನಕ್ಷೆ. ಶಿಲ್ಪದ ಚಿತ್ರ ಅಳತೆಯ ಜೊತೆ. ಇಂಜಿನಿಯರ್ ಸಹಿ ಹಾಕಿದ ಪತ್ರ, ಗಾಳಿಗೆ ಬೀಳುವುದಿಲ್ಲ ಎಂದು. ಮುಂದೆ ನಿರ್ವಹಣೆ ನಾವೇ ಮಾಡುತ್ತೇವೆ ಎಂದು ಸ್ಟಾಂಪ್ ಪೇಪರಿನಲ್ಲಿ ಮುಚ್ಚಳಿಕೆ. ಪಂಚಾಯತ್, ಅರಣ್ಯ, ಮೀನುಗಾರಿಕೆ, ಪ್ರವಾಸೋದ್ಯಮ, ಕರಾವಳಿ ಕಾವಲು ಪೊಲೀಸ್, ಎಲ್ಲರ ಎನ್‌ಒಸಿ. ಪ್ರತಿಯೊಂದೂ ಐದು ಸೆಟ್ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ, ಮೂರು ಸಾಲುವುದಿಲ್ಲ. ಮತ್ತೆ ಒಂದು ಮಾತು. ಅರ್ಜಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಟಪ್ಪಾಲಿನ ಸೀಲು, ನಂಬರ್, ತಾರೀಕು ಹಾಕಿಸದೆ ಹೊರಗೆ ಬರಬೇಡಿ. ನಾನು ಒಂದು ಕಡೆ ಹಾಗೆ ಬಂದೆ. ಎರಡು ತಿಂಗಳ ನಂತರ "ಅಂಥ ಅರ್ಜಿಯೇ ಬಂದಿಲ್ಲ" ಎಂದರು. ಮೊದಲಿಂದ ಶುರು.

ಅಕ್ಟೋಬರ್, ನವೆಂಬರ್ ಹೀಗೆಯೇ. ಸಾಹೇಬರು ಮೀಟಿಂಗ್‌ನಲ್ಲಿ. ಸಾಹೇಬರು ಬೆಂಗಳೂರಿನಲ್ಲಿ. ಸಾಹೇಬರಿಗೆ ವರ್ಗಾವಣೆ. ಹೊಸ ಸಾಹೇಬರಿಗೆ ಫೈಲು ನೋಡಲು ಟೈಮ್ ಬೇಕು. ಆ ಕಾರಿಡಾರಿನ ಮರದ ಬೆಂಚಿನಲ್ಲಿ ಕೂತು ಕೂತು ಗೋಡೆಯ ಬಿರುಕುಗಳಲ್ಲಿ ಎಲ್ಲ ನನಗೆ ಆಮೆಯ ಬಿಲ್ಲೆಯೇ ಕಾಣುತ್ತಿತ್ತು. ಅದರ ನಡುವೆ ದಸರಾ ಬಂತು, ಹೊಟ್ಟೆಪಾಡಿನ ಕೆಲಸ ಬಿಟ್ಟು ಬರುವ ಹಾಗಿಲ್ಲ, ಎರಡು ವಾರ ಆ ಕಡೆ ತಲೆಯೇ ಹಾಕಲಿಲ್ಲ.

ಡಿಸೆಂಬರಿನಲ್ಲಿ ನನಗೆ ತಡೆಯಲಾಗಲಿಲ್ಲ. ಹೇಗೂ ಸಿಗುತ್ತದಲ್ಲ ಎಂದು ವೆಲ್ಡರ್ ಗೆಳೆಯನನ್ನು ಹಿಡಿದು ಹನ್ನೆರಡು ಅಡಿಯ ಫ್ರೇಮ್ ಶುರು ಮಾಡಿದೆ. ಮಾಮೂಲಿ ಕಬ್ಬಿಣದ ಸರಳು. ನಮ್ಮ ಶೆಡ್ ಕಡಲಿನಿಂದ ಅರ್ಧ ಕಿಲೋಮೀಟರ್. ಮೂರು ವಾರ ಹೊರಗೆ ನಿಂತಿತ್ತು, ಮಳೆ ಒಂದು ಹನಿ ಇಲ್ಲ. ಬೆರಳು ಹಾಕಿ ತಿಕ್ಕಿದರೆ ಕೆಂಪು ಪುಡಿ. ಬೆಸುಗೆ ಹಾಕಿದ ಕಡೆ ಎಲ್ಲ ಆಗಲೇ ತುಕ್ಕು. ಗೆಳೆಯ ಹೇಳಿದ, "ಇದು ಆಮೆ ಅಲ್ಲ ಮಾರಾಯ, ಗುಜರಿ."

ಜನವರಿಯಲ್ಲಿ ಉತ್ತರ ಬಂತು. ಮರಳಿನ ಮೇಲೆ ಆಗುವುದಿಲ್ಲ. ಸಿಆರ್‌ಝಡ್, ಅಂದರೆ ಕಡಲ ತೀರದಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ. ನಾವು ತೋರಿಸಿದ್ದು ಗಾಳಿಮರದ ಸಾಲಿನ ಮುಂದೆ, ಎಲ್ಲರಿಗೂ ಕಾಣುವ ಜಾಗ. ಉಬ್ಬರದ ಗೆರೆಯಿಂದ ನಮ್ಮಲ್ಲಿ 200 ಮೀಟರ್ ಒಳಗೆ ಸಿಮೆಂಟ್ ಕಟ್ಟೆ ಕಟ್ಟುವ ಹಾಗಿಲ್ಲ. ಅದರ ಮೇಲೆ ಅದು ಆಮೆ ಮೊಟ್ಟೆ ಇಡುವ ತೀರ, ಅಂಥ ಜಾಗಕ್ಕೆ ಇನ್ನೂ ಬಿಗಿ ಕಾನೂನು. ನನಗೆ ಎಷ್ಟು ಸಿಟ್ಟು ಬಂತು ಎಂದರೆ, ಆಮೆಗೋಸ್ಕರ ಮಾಡುವ ಕೆಲಸಕ್ಕೆ ಆಮೆಯ ಹೆಸರು ಹೇಳಿ ತಡೆಯುವುದಾ ಎಂದು ಜಾಗ ನೋಡಲು ಬಂದ ಅರಣ್ಯಾಧಿಕಾರಿಯ ಹತ್ತಿರ ಜೋರಾಗಿಯೇ ಕೇಳಿದೆ.

ಅವರು ಸಿಟ್ಟು ಮಾಡಲಿಲ್ಲ. "ಲೈಟ್ ಹಾಕ್ತೀರಾ ಇದಕ್ಕೆ?" ಎಂದು ಕೇಳಿದರು. ಹೌದು, ನಾಲ್ಕು ಫೋಕಸ್ ಲೈಟ್, ರಾತ್ರಿ ಚೆಂದ ಕಾಣಬೇಕಲ್ಲ ಎಂದೆ. ಆಗ ಅವರು ವಿವರಿಸಿದರು. ನಮ್ಮ ಕಡೆ ಒಡಿಶಾದ ಗಹೀರ್‌ಮಠದ ಹಾಗೆ ಸಾವಿರಗಟ್ಟಲೆ ಆಮೆ ಒಟ್ಟಿಗೆ ಬರುವುದಿಲ್ಲ. ಒಂದೊಂದೇ, ಕತ್ತಲಲ್ಲಿ ಬಂದು, ನೂರು ಚಿಲ್ಲರೆ ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತವೆ. ಒಂದೂವರೆ, ಎರಡು ತಿಂಗಳ ನಂತರ ಮರಿಗಳು ಸಾಮಾನ್ಯವಾಗಿ ರಾತ್ರಿಯೇ ಹೊರಗೆ ಬರುತ್ತವೆ. ಬೆಳಕು ಯಾವ ಕಡೆ ಜಾಸ್ತಿಯೋ ಆ ಕಡೆ ಹೋಗುತ್ತವೆ. ಲೈಟ್ ಇಲ್ಲದ ತೀರದಲ್ಲಿ ಅದು ಕಡಲೇ. ಲೈಟ್ ಇದ್ದರೆ ರಸ್ತೆ. ನಾಯಿ, ಕಾಗೆ, ಬೈಕಿನ ಚಕ್ರ. "ನಿಮ್ಮ ಆಮೆ ನೋಡ್ಲಿಕ್ಕೆ ಮರಿಗಳೇ ಬಂದಾವು" ಎಂದರು.

ನಾನು ಮಾತಾಡಲಿಲ್ಲ. ನಮ್ಮ ಮಂಡಲದಲ್ಲಿ ಹೈಮಾಸ್ಟ್ ಲೈಟ್ ಬೇಕು ಎಂದವರು ಪಕ್ಕದಲ್ಲೇ ನಿಂತಿದ್ದರು, ಅವರೂ ಮಾತಾಡಲಿಲ್ಲ. ಅವತ್ತು ರಾತ್ರಿ ಒಬ್ಬನೇ ಬೀಚಿಗೆ ಹೋಗಿ ಕೂತೆ. ಹಿಂದೆ ತಿರುಗಿ ನೋಡಿದರೆ ರೆಸಾರ್ಟಿನ ಬೋರ್ಡು, ಅಂಗಡಿಯ ಟ್ಯೂಬ್‌ಲೈಟ್, ಬೀದಿ ದೀಪ. ಮುಂದೆ ಕಡಲು, ಬರೀ ಕಪ್ಪು. ಇಷ್ಟು ವರ್ಷ ಇಲ್ಲೇ ಇದ್ದವ ಒಮ್ಮೆಯೂ ಹೀಗೆ ತಿರುಗಿ ನೋಡಿರಲಿಲ್ಲ.

ಹಾಗೆ ಹೊಸ ಜಾಗ ಹುಡುಕಿದೆವು. ಮೀನು ಒಣಗಿಸುವ ಅಂಗಳ ದಾಟಿ ಒಳಗೆ ಬಂದರೆ ರಸ್ತೆ ತಿರುವು, ಅಲ್ಲಿ ಪಂಚಾಯತಿನ ಒಂದು ತುಂಡು ಜಾಗ. ಕಡಲು ಕಾಣುವುದಿಲ್ಲ, ಸದ್ದು ಕೇಳುತ್ತದೆ. ಮಂಡಲದ ಅರ್ಧ ಜನರಿಗೆ ಬೇಜಾರು. ಆದರೆ ಬೋಟಿಗೆ ಹೋಗುವವರೂ, ಬೀಚಿಗೆ ಹೋಗುವವರೂ, ಶಾಲೆಯ ವ್ಯಾನೂ ಎಲ್ಲ ಅದೇ ತಿರುವಿನಲ್ಲಿ ನಿಧಾನ ಮಾಡಲೇಬೇಕು. ಜಾಗ ಸಣ್ಣದು, ಹನ್ನೆರಡು ಅಡಿ ಹಿಡಿಯುವುದಿಲ್ಲ. ಹನ್ನೆರಡು ಹೋಗಿ ಒಂಬತ್ತಾಯಿತು. ಲೈಟ್ ಇಲ್ಲ. ಮಾರ್ಚ್ ಎರಡನೇ ವಾರ ಪಂಚಾಯತಿನ ಪತ್ರ ಕೈಗೆ ಬಂದಾಗ ನಾನು ಅದನ್ನು ಮೂರು ಸಲ ಓದಿದೆ, ಎಲ್ಲಾದರೂ "ಆದರೆ" ಎಂದು ಇದೆಯಾ ಎಂದು.

ಇನ್ನು ಮಾಡುವ ಕೆಲಸ. ಇದು ಸುಖದ ಭಾಗ, ಹೊಲಸಿನ ಭಾಗವೂ ಹೌದು.

ಈ ಸಲ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣ, ಬೈಕಂಪಾಡಿಯಿಂದ ತಂದದ್ದು. ಬೆಸುಗೆ ಹಾಕಿದ ಕಡೆ ಸತುವಿನ ಪದರ ಸುಟ್ಟು ಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು. ಆದ್ದರಿಂದ ಪ್ರತಿ ಜಾಯಿಂಟಿಗೂ ಉಜ್ಜಿ ಝಿಂಕ್ ಪ್ರೈಮರ್, ಮೇಲೆ ಎಪಾಕ್ಸಿ ಎರಡು ಕೋಟ್. ಜಿಐ ಬೆಸುಗೆ ಹಾಕುವಾಗ ಬರುವ ಬಿಳಿ ಹೊಗೆ ಒಳ್ಳೆಯದಲ್ಲ, ಜ್ವರ ಬಂದ ಹಾಗೆ ಆಗುತ್ತದೆ. ಗೆಳೆಯ ಒಂದು ದಿನ ಮಾಸ್ಕ್ ಇಲ್ಲದೆ ಮಾಡಿ ರಾತ್ರಿಯೆಲ್ಲ ನಡುಗಿದ. ಬಯಲಿನಲ್ಲಿ ಮಾಡಿ, ಮಾಸ್ಕ್ ಹಾಕಿ.

ಬಲೆ ದುಡ್ಡು ಕೊಟ್ಟು ತರಬೇಕಾಗಲಿಲ್ಲ. ಬೋಟು ನಿಲ್ಲುವ ದಕ್ಕೆಯಲ್ಲಿ ಕೇಳಿದರೆ "ತೆಕ್ಕೊಂಡು ಹೋಗಿ ಮಾರಾಯ್ರೆ, ಜಾಗ ಖಾಲಿ ಆಗ್ಲಿ" ಎಂದರು. ಕಲ್ಲಿಗೆ ಸಿಕ್ಕಿ ತುಂಡಾದದ್ದು, ಕಡಲಿನಲ್ಲಿ ತೇಲುತ್ತಿದ್ದದ್ದು, ಪ್ರೊಪೆಲ್ಲರಿಗೆ ಸುತ್ತಿದ್ದನ್ನು ಕೊಯ್ದು ತೆಗೆದದ್ದು. ಎರಡು ಗೂಡ್ಸ್ ರಿಕ್ಷಾ ತುಂಬ ಬಂತು. ವಾಸನೆಯ ಬಗ್ಗೆ ಏನು ಹೇಳಲಿ, ಪಕ್ಕದ ಮನೆಯ ಅಕ್ಕ ಒಂದು ವಾರ ನನ್ನ ಹೆಂಡತಿಯ ಹತ್ತಿರ ಮಾತು ಬಿಟ್ಟರು. ತೊಳೆದದ್ದು ಐದು ದಿನ. ಒಂದು ಬಲೆಯ ಗಂಟಿನೊಳಗೆ ಉಗುರಿನಷ್ಟು ಸಣ್ಣ ಏಡಿ ಒಣಗಿ ಕೂತಿತ್ತು, ಕಾಲುಗಳೆಲ್ಲ ಮಡಚಿಕೊಂಡು. ಅದನ್ನು ತೆಗೆಯಲಿಲ್ಲ. ಈಗಲೂ ಬಲಗಡೆ ಮೂರನೇ ಬಿಲ್ಲೆಯ ಒಳಗೆ ಇದೆ, ನನಗೆ ಮಾತ್ರ ಗೊತ್ತು. ಈಗ ನಿಮಗೂ ಗೊತ್ತಾಯಿತು.

ಹಸಿರು ಟ್ರಾಲ್ ಬಲೆ ಬಿಲ್ಲೆಗಳಿಗೆ. ಬಿಲ್ಲೆಯ ಅಂಚಿಗೆ ನೀಲಿ ಹಗ್ಗ. ಕಾಲುಗಳಿಗೆ ಬೂದು ಬಣ್ಣದ ಸಣ್ಣ ಕಣ್ಣಿನ ಬಲೆ. ಕಣ್ಣಿಗೆ ಬಲೆಯ ಎರಡು ಪ್ಲಾಸ್ಟಿಕ್ ಬೆಂಡು, ಕಪ್ಪು ಪೇಂಟ್. ಹೊಟ್ಟೆಯ ಕಡೆ ಒಂದು ಜಾಗ ತೆರೆದಿಟ್ಟು, ಒಳಗೆ ಬೀಚಿನಲ್ಲಿ ಹೆಕ್ಕಿದ ಹಾಲಿನ ತೊಟ್ಟೆ, ಗುಟ್ಕಾ ಪ್ಯಾಕೆಟ್, ಬಾಟಲಿ ಮುಚ್ಚಳ ತುಂಬಿಸಿದೆ. ಮಕ್ಕಳು ಬಗ್ಗಿ ನೋಡಬೇಕು, ಬಗ್ಗದಿದ್ದರೆ ಕಾಣುವುದಿಲ್ಲ.

ಏಪ್ರಿಲಿನಲ್ಲಿ ಒಂದು ದೊಡ್ಡ ಎಡವಟ್ಟು. ಎಡ ಮುಂಗಾಲಿಗೆ ಬಲೆ ಕಟ್ಟಿ ಮುಗಿದ ಮೇಲೆ ಒಂದು ಜಾಯಿಂಟ್ ಸಡಿಲ ಎಂದು ಗೊತ್ತಾಯಿತು. ಬರೀ ಒಂದು ಚುಕ್ಕೆ ಬೆಸುಗೆ ಎಂದು ಹಚ್ಚಿದೆವು. ಕಿಡಿ ಹಾರಿತು, ನೈಲಾನ್ ಹಿಡಿಯಿತು. ಅದು ಉರಿಯುವುದಲ್ಲ, ಕರಗಿ ಹನಿ ಹನಿಯಾಗಿ ಬೀಳುವುದು, ಬಿದ್ದ ಹನಿಯೂ ಉರಿಯುವುದು. ನನ್ನ ಕೈಯ ಮೇಲೆ ಒಂದು ಹನಿ ಬಿದ್ದ ಗುರುತು ಇನ್ನೂ ಉಂಟು. ಒಂದು ಕಾಲು ಪೂರ್ತಿ ಹೋಯಿತು, ಹನ್ನೊಂದು ದಿನದ ಕೆಲಸ. ಅದೂ ಎಡ ಮುಂಗಾಲೇ. ಜುಲೈಯಲ್ಲಿ ನೋಡಿದ ಆಮೆಗೂ ಅದೇ ಕಾಲು. ಅವತ್ತು ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೋದವ ನಾಲ್ಕು ದಿನ ಬರಲಿಲ್ಲ. ದಯವಿಟ್ಟು, ಬೆಸುಗೆ ಪೂರ್ತಿ ಮುಗಿಸಿ, ಇಬ್ಬರು ಹತ್ತಿ ಅಲ್ಲಾಡಿಸಿ ನೋಡಿ, ಆಮೇಲೆ ಬಲೆಗೆ ಕೈ ಹಾಕಿ.

ಐದನೇ ದಿನ ಬೀಗ ತೆಗೆಸಿದ್ದು ಬಲೆಯಜ್ಜ. ಊರಿನವರೆಲ್ಲ ಅವರನ್ನು ಹಾಗೇ ಕರೆಯುವುದು, ಎಪ್ಪತ್ತು ದಾಟಿದವರು, ಮೊದಲು ರಂಪಣಿಗೆ (ದಡದಿಂದ ಎಳೆಯುವ ದೊಡ್ಡ ಬಲೆ) ಹೋಗುತ್ತಿದ್ದರು, ಈಗ ಕೂತು ಬಲೆ ಹೆಣೆಯುತ್ತಾರೆ. ನಾನು ಕಟ್ಟಿದ್ದನ್ನು ಎಳೆದು ನೋಡಿ, "ಇದೆಂತ ಗಂಟು ಮಗ, ಹೂವು ಕಟ್ಟಿದ ಹಾಗೆ" ಎಂದರು. ಎರಡು ಬೆರಳಿನಲ್ಲಿ ಎಳೆದರು, ಬಿಚ್ಚಿ ಬಂತು. ನೈಲಾನ್ ಜಾರುತ್ತದೆ, ಮಾಮೂಲಿ ಗಂಟು ನಿಲ್ಲುವುದಿಲ್ಲ. ಅವರು ಪ್ಲಾಸ್ಟಿಕ್ ಸೂಜಿಯಲ್ಲಿ ನೂಲು ಸುತ್ತಿ, ಕಣ್ಣಿನ ಮೂಲೆಯಲ್ಲಿ ತೂರಿಸಿ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಒಂದು ಸುತ್ತು ಬದಲು ಎರಡು ಸುತ್ತು ತಂದು, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಗಂಟು ಬಿದ್ದ ಮೇಲೆ ಬಾಲವನ್ನು ಅಕ್ಕಿಕಾಳಿನಷ್ಟು ಬಿಟ್ಟು ಕೊಯ್ಯುವುದು. ನನಗೆ ಆ ಹಲ್ಲಿನ ಎಳೆತ ಬರಲೇ ಇಲ್ಲ. ಹೊಸ ಕಾಲು ಅರ್ಧ ಅವರದ್ದು, ಅರ್ಧ ನನ್ನದು. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಆ ಹೊತ್ತಿಗೆ ಸುದ್ದಿ ಹರಡಿ ಜನ ಏನೇನೋ ತಂದು ಕೊಡಲು ಶುರು ಮಾಡಿದರು. ಒಬ್ಬರು ಮನೆಯ ಶೋಕೇಸಿನಲ್ಲಿದ್ದ ಕಡಲ ಬೀಸಣಿಗೆ (ಬೀಸಣಿಗೆಯ ಹಾಗೆ ಹರಡುವ ಹವಳದ ಜಾತಿ), ಹವಳದ ತುಂಡು ತಂದರು, "ಇದನ್ನೂ ಸಿಕ್ಕಿಸಿ, ಚೆಂದ ಆಗ್ತದೆ." ಅದನ್ನು ನೋಡಿದ ಅರಣ್ಯ ರಕ್ಷಕರು ಮೆಲ್ಲಗೆ ನನ್ನನ್ನು ಬದಿಗೆ ಕರೆದರು. ಹವಳ, ಕಡಲ ಬೀಸಣಿಗೆ, ಕಡಲ ಕುದುರೆ, ಇವೆಲ್ಲ ಆಮೆಯ ಹಾಗೆಯೇ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಇಟ್ಟುಕೊಳ್ಳುವುದೇ ಅಪರಾಧ. ಜಾಗೃತಿಯ ಶಿಲ್ಪದ ಮೇಲೆ ಅದನ್ನು ಸಿಕ್ಕಿಸಿದ್ದರೆ ಉದ್ಘಾಟನೆಯ ದಿನವೇ ಕೇಸು. ಕಪ್ಪೆಚಿಪ್ಪು ಕೂಡ ಎಲ್ಲವೂ ಮುಕ್ತ ಅಲ್ಲ, ಕೇಳಿ ಮುಂದುವರಿಯಿರಿ.

ಬೋರ್ಡಿನ ಕಥೆ ಬೇರೆ. ನಾನು ಬರೆಸಿದ್ದು ಹೀಗೆ: "ಮೀನುಗಾರರ ಬಲೆಗಳಿಗೆ ಬಲಿಯಾಗುತ್ತಿರುವ ಅಳಿವಿನಂಚಿನ ಕಡಲಾಮೆಯನ್ನು ರಕ್ಷಿಸಿ." ಕೇಳಲು ಗಮ್ಮತ್ತಾಗಿದೆ ಎಂದುಕೊಂಡಿದ್ದೆ. ಬಲೆ ಕೊಟ್ಟ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು, ಶೆಡ್ಡಿಗೆ ಬಂದು ಓದಿದರು. ಮುಖ ಕೆಂಪಾಯಿತು. "ಬಲೆ ನಮ್ಮದು ಬೇಕು, ಬೈಗುಳವೂ ನಮಗೇಯಾ?" ಎಂದರು. ಆಮೆ ಬಲೆಗೆ ಬಿದ್ದರೆ ಅವರಿಗೂ ನಷ್ಟವೇ, ಬಲೆ ಹರಿಯುತ್ತದೆ, ಮತ್ತೆ ಹಳಬರಲ್ಲಿ ಆಮೆ ಸತ್ತರೆ ಒಳ್ಳೆಯದಲ್ಲ ಎಂಬ ಅಂಜಿಕೆಯೂ ಉಂಟು. ನಾನು ಟಿಇಡಿ ಬಗ್ಗೆ ಕೇಳಿದೆ. ಬಲೆಯ ಒಳಗೆ ಕಂಬಿ ಇಟ್ಟು, ಆಮೆ ಜಾರಿ ಹೊರಗೆ ಹೋಗಲು ಒಂದು ಬಾಗಿಲು ಇರುವ ಸಾಧನ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ನಮ್ಮ ಬೋಟುಗಳಿಗೆ ಹೊಂದುವಂಥದ್ದು ಮಾಡಿದೆ. ಅದು ಇಲ್ಲ ಎಂದೇ ಅಮೆರಿಕ 2019ರಿಂದ ನಮ್ಮ ಕಡಲ ಸಿಗಡಿ ತೆಗೆದುಕೊಳ್ಳುತ್ತಿಲ್ಲ. ತಾಂಡೇಲರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. "ಆ ಬಾಗಿಲಲ್ಲಿ ಆಮೆ ಮಾತ್ರ ಹೋಗುದಾ? ಮೀನೂ ಹೋಗ್ತದೆ. ಡೀಸೆಲ್ ದುಡ್ಡು ಯಾರು ಕೊಡ್ತಾರೆ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ಅವರೇ ಒಂದು ಮಾತು ಹೇಳಿದರು. "ಬೈಯುವ ಬದಲು, ಬಲೆಗೆ ಬಿದ್ರೆ ಎಂತ ಮಾಡ್ಬೇಕು ಅಂತ ಬರೀರಿ. ನಮ್ಮ ಹುಡುಗರಿಗೆ ಗೊತ್ತಿಲ್ಲ. ಅಲ್ಲಾಡದಿದ್ರೆ ಸತ್ತಿದೆ ಅಂತ ಕಡಲಿಗೆ ಎಸೀತಾರೆ." ಫಿಶರೀಸ್ ಓದಿದ ಹುಡುಗಿಯನ್ನು ಕರೆಸಿದೆವು. ಆಮೆ ಉಸಿರಾಡುವುದು ನಮ್ಮ ಹಾಗೆ ಶ್ವಾಸಕೋಶದಲ್ಲಿ, ಬಲೆಯೊಳಗೆ ಹೆಚ್ಚು ಹೊತ್ತು ಇದ್ದರೆ ಮುಳುಗಿ ಪ್ರಜ್ಞೆ ತಪ್ಪುತ್ತದೆ, ಆದರೆ ಸತ್ತಿರಬೇಕೆಂದಿಲ್ಲ. ಮಗುಚಿ ಹಾಕದೆ ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗ ಸ್ವಲ್ಪ ಎತ್ತರಕ್ಕೆ ಇಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ನೆರಳಲ್ಲಿ ಇಟ್ಟು, ಮೈಗೆ ಒದ್ದೆ ಗೋಣಿ. ಗಂಟೆಗಟ್ಟಲೆ ಆಗಬಹುದು, ಕಾಯಬೇಕು. ಚೇತರಿಸಿದ ಮೇಲೆ ಎಂಜಿನ್ ನ್ಯೂಟ್ರಲ್ ಮಾಡಿ ಮೆಲ್ಲಗೆ ನೀರಿಗೆ ಬಿಡುವುದು. ಇದನ್ನೇ ಚಿತ್ರ ಸಮೇತ ಬೋರ್ಡು ಮಾಡಿದೆವು. "ಅಳಿವಿನಂಚಿನ" ಎಂಬ ಮಾತನ್ನೂ ಅವಳು ತೆಗೆಸಿದಳು. ಯಾವ ಜೀವಿಗೆ ಎಷ್ಟು ಅಪಾಯ ಎಂದು ಹೇಳುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ಆಲಿವ್ ರಿಡ್ಲೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಸಾಲಿನಲ್ಲಿದೆ. ಬೋರ್ಡಿಗೆ ಎರಡು ಸಲ ದುಡ್ಡು ಹೋಯಿತು.

ಸಾಗಿಸುವುದು ಒಂದೇ ಬೆಳಗ್ಗೆಯ ಕೆಲಸ ಎಂದುಕೊಂಡಿದ್ದೆವು. ಟೆಂಪೋದ ಮೇಲೆ ಇಟ್ಟ ಮೇಲೆ ಗೊತ್ತಾಯಿತು, ಮುಂಗಾಲುಗಳು ಎರಡೂ ಕಡೆ ಹೊರಗೆ ಚಾಚಿವೆ, ನಮ್ಮ ರಸ್ತೆಯಲ್ಲಿ ಎದುರಿಂದ ಸೈಕಲ್ ಬಂದರೂ ಜಾಗ ಇಲ್ಲ. ಬೆಳಗ್ಗಿನ ನಾಲ್ಕೂವರೆಗೆ ಹೊರಟು, ಇಬ್ಬರು ಬಿದಿರು ಹಿಡಿದು ಕೇಬಲ್ ತಂತಿಗಳನ್ನು ಎತ್ತುತ್ತಾ, ಒಂದೂವರೆ ಕಿಲೋಮೀಟರಿಗೆ ಎರಡು ಗಂಟೆ. ನಿಜವಾದ ಆಮೆ ಇದಕ್ಕಿಂತ ಬೇಗ ಹೋಗುತ್ತಿತ್ತು. ಕಾಲುಗಳನ್ನು ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡಿ, ನನ್ನ ಹಾಗೆ ಮಾಡಬೇಡಿ.

ಖರ್ಚು ಕೇಳಿದವರೇ ಜಾಸ್ತಿ, ಹೇಳಿಬಿಡುತ್ತೇನೆ. ಪೈಪು, ಸರಳು, ಗುಜರಿಗೆ ಹೋದ ಮೊದಲ ಫ್ರೇಮ್ ಸೇರಿ 41,000. ವೆಲ್ಡರ್ ಕೂಲಿ 35,000, ಅದೂ ಗೆಳೆಯನ ರೇಟು. ಕಟ್ಟೆ 38,000. ಪ್ರೈಮರ್, ಪೇಂಟ್ 14,500. ಕ್ರೇನ್, ಟೆಂಪೋ 11,500. ಎರಡು ಬೋರ್ಡು 7,200. ಇಂಜಿನಿಯರ್ 5,000. ಕಾಗದ ಪತ್ರ, ಜೆರಾಕ್ಸ್ 2,000. ಚಾ, ಬನ್ಸ್, ಊಟ 9,000. ಒಟ್ಟು 1,63,200. ನನ್ನ ಕೂಲಿ ಇದರಲ್ಲಿ ಇಲ್ಲ. ಅದರ ಬಗ್ಗೆ ಹೆಂಡತಿಯ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ.

ಮೇ 23 ವಿಶ್ವ ಆಮೆ ದಿನ, ಅವತ್ತೇ ಎಂದು ಲೆಕ್ಕ ಹಾಕಿದ್ದು. ಆಗಲಿಲ್ಲ, ಕಟ್ಟೆಯ ಸಿಮೆಂಟು ಒಣಗಿರಲಿಲ್ಲ. ಜೂನ್ 8, ವಿಶ್ವ ಸಾಗರ ದಿನಕ್ಕೆ ಹೋಯಿತು. ತಡವಾದದ್ದೇ ಒಳ್ಳೆಯದಾಯಿತು. ಜೂನ್ 1ರಿಂದ 61 ದಿನ ಟ್ರಾಲಿಂಗ್ ನಿಷೇಧ, ಬೋಟಿನವರೆಲ್ಲ ಊರಿನಲ್ಲೇ. ಮೇ 23ಕ್ಕೆ ಮಾಡಿದ್ದರೆ ನಾವು ನಾವೇ ಚಪ್ಪಾಳೆ ತಟ್ಟಿಕೊಳ್ಳಬೇಕಿತ್ತು. ಅವತ್ತು ಮಳೆ ಎಂದರೆ ಮಳೆ, ಶಾಮಿಯಾನ ಹಾರಿತು, ಮೈಕ್ ಕೈಕೊಟ್ಟಿತು, ಭಾಷಣ ಎರಡೇ ನಿಮಿಷ. ತಾಂಡೇಲರು ಕೊಡೆ ಹಿಡಿದು ಬೋರ್ಡಿನ ಎದುರು ನಿಂತು ತಮ್ಮ ಹುಡುಗರಿಗೆ ತುಳುವಿನಲ್ಲಿ ಓದಿ ಹೇಳುತ್ತಿದ್ದರು.

ಅದಾಗಿ ಹತ್ತು ದಿನಕ್ಕೆ ಅಂಚೆಯಲ್ಲಿ ಒಂದು ಪತ್ರ ಬಂತು. ನಮ್ಮ ಹಳೇ ಜಾಗದ ಅರ್ಜಿಗೆ ನಕ್ಷೆ ಲಗತ್ತಿಸಿಲ್ಲ, ಏಳು ದಿನದೊಳಗೆ ಸಲ್ಲಿಸಿ ಎಂದು. ಫೈಲಿಗೆ ಹಾಕಿ ಇಟ್ಟಿದ್ದೇನೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ನೋಡಬೇಕು ಎಂದು ಮುಚ್ಚಳಿಕೆಯಲ್ಲೇ ಬರೆದುಕೊಟ್ಟಿದ್ದೇವೆ. ನೆನೆದ ಬಲೆ ಭಾರ ಆಗಿ ಕೆಳಗೆ ಜಗ್ಗುತ್ತದೆ, ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಎರಡು ವಾರದ ಹಿಂದೆ ನೋಡಿದಾಗ ಎಡ ಮುಂಗಾಲಿನಲ್ಲಿ, ನಾನು ಕಟ್ಟಿದ ಅರ್ಧದಲ್ಲಿ, ಒಂದು ಗೇಣಿನಷ್ಟು ಬಿಚ್ಚಿಕೊಂಡು ನೇತಾಡುತ್ತಿತ್ತು. ಮಳೆ ಬಿಡಲಿ ಎಂದು ಬಂದೆ. ಮೊನ್ನೆ ಭಾನುವಾರ ನೂಲು, ಸೂಜಿ ತೆಗೆದುಕೊಂಡು ಹೋದರೆ ಬಿಚ್ಚಿದ ಜಾಗವೇ ಸಿಗಲಿಲ್ಲ. ಕೈ ಹಾಕಿ ಹುಡುಕಿದೆ. ಎರಡೆರಡು ಸುತ್ತಿನ ಗಂಟು, ಬಾಲ ಅಕ್ಕಿಕಾಳಿನಷ್ಟು. ವಾಪಸು ಬರುವಾಗ ಬಲೆಯಜ್ಜ ಜಗಲಿಯಲ್ಲಿ ಕೂತಿದ್ದರು. ಕೇಳಿದೆ. "ಬೋಟ್ ಬಂದ್ ಅಲ್ವಾ, ಸುಮ್ನೆ ಕೂತು ಕೈ ತುರಿಸ್ತಿತ್ತು" ಎಂದರು.